ಸಾಲ ತೀರಿದ ಮನೆ ಇದೆ, ಭಾವ ಐಪಿ (ದಿವಾಳಿ ಅರ್ಜಿ) ಹಾಕಬೇಕು ಅಂತಿದ್ದಾರೆ. ಮನೆ ಉಳಿಯುತ್ತಾ?

ಬಟವಾಡಿ_ಹುಡುಗ
ಕೋರ್ಟು ಕಚೇರಿ ವಿಷಯ ಗೊತ್ತಿರುವವರು ಇದ್ದರೆ ಸ್ವಲ್ಪ ಹೇಳಿ. ನಮ್ಮ ಭಾವ ತುಮಕೂರಿನಲ್ಲಿ ಫರ್ನಿಚರ್ ಅಂಗಡಿ ಇಟ್ಟಿದ್ದರು. ಪಿಜಿ ಕಟ್ಟಿಸುತ್ತಿದ್ದ ಒಬ್ಬ ಪಾರ್ಟಿಗೆ ಮಂಚ, ಬೀರು ಎಲ್ಲ ಉದ್ರಿ ಕೊಟ್ಟರು, ಅವನು ಕೈ ಎತ್ತಿದ, ಇವರೂ ಜೊತೆಗೆ ಮುಳುಗಿದರು. ಈಗ ಅಂಗಡಿ ಮುಚ್ಚಿದೆ. ಫೈನಾನ್ಸ್ ಕಂಪನಿಯ ಬಿಸಿನೆಸ್ ಲೋನ್ 12 ಲಕ್ಷ, ಎರಡು ಕ್ರೆಡಿಟ್ ಕಾರ್ಡ್ ಸೇರಿ 4 ಲಕ್ಷ, ಎತ್ತಿದ ಚೀಟಿಯ ಬಾಕಿ 3 ಲಕ್ಷ, ನಾಲ್ಕು ಜನರ ಹತ್ತಿರ ಕೈಸಾಲ 12 ಲಕ್ಷ. ಕೈಸಾಲಕ್ಕೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಪ್ರೋನೋಟು ಬರೆದುಕೊಟ್ಟಿದ್ದಾರೆ, ಖಾಲಿ ಚೆಕ್ಕುಗಳನ್ನೂ ಕೊಟ್ಟಿದ್ದಾರೆ.

ಉಳಿದಿರುವುದು ಮನೆ ಒಂದೇ. ಬಟವಾಡಿ ಹತ್ತಿರ ಮೂವತ್ತು ನಲವತ್ತರ ಸೈಟು, ಹಿಂದೆ ಎರಡು ರೂಮಿನ ಮನೆ, ಮುಂದೆ ರಸ್ತೆಗೆ ಒಂದು ಮಳಿಗೆ, ಅದು ಬಾಡಿಗೆಗಿದೆ. ಹೋಮ್ ಲೋನ್ 2021ರಲ್ಲೇ ತೀರಿತು. ಬ್ರೋಕರ್ 75 ಲಕ್ಷ ಎನ್ನುತ್ತಾನೆ. ಭಾವನಿಗೆ ಯಾರೋ ತಲೆಗೆ ತುಂಬಿದ್ದಾರೆ, ಐಪಿ ಹಾಕಿಬಿಡಿ, ಪಾಪರ್ ಅಂತ ಕೋರ್ಟು ಬರೆದುಕೊಟ್ಟರೆ ಸಾಲ ಎಲ್ಲ ಹೋಗುತ್ತದೆ, ಅಡ ಇಲ್ಲದ ಮನೆಯನ್ನು ಯಾರೂ ಮುಟ್ಟೋಕೆ ಬರಲ್ಲ ಅಂತ. ಇದು ನಿಜಾನಾ? ಅಕ್ಕ ರಾತ್ರಿ ನಿದ್ದೆ ಮಾಡುತ್ತಿಲ್ಲ.

ಶಿರಾಗೇಟ್_ಸಿಂಹ
ಸಿಂಪಲ್ ಗುರು. ಮೊದಲು ಮನೆ ಅಕ್ಕನ ಹೆಸರಿಗೆ ದಾನಪತ್ರ ಮಾಡಿಸಿ. ಆಮೇಲೆ ಐಪಿ ಹಾಕಿ. ಭಾವನ ಹೆಸರಲ್ಲಿ ಏನೂ ಇಲ್ಲ ಅಂದಮೇಲೆ ಯಾವನು ಏನು ಕಿತ್ಕೊಳ್ತಾನೆ? ಎಲ್ಲರೂ ಮಾಡೋದು ಇದೇ.

ಕರಿಕೋಟು
ಎಲ್ಲರೂ ಮಾಡುವುದೇ ಇದು, ಸಿಕ್ಕಿಹಾಕಿಕೊಳ್ಳುವುದೂ ಇದರಲ್ಲೇ. ಸಬ್ ರಿಜಿಸ್ಟ್ರಾರ್ ಆಫೀಸಿನ ಕಡೆ ತಲೆ ಹಾಕಿಯೂ ಮಲಗಬೇಡಿ.

ನಮ್ಮಲ್ಲಿ ಮಾಮೂಲಿ ವ್ಯಕ್ತಿಗಳ ದಿವಾಳಿಗೆ ಇವತ್ತಿಗೂ ನಡೆಯುತ್ತಿರುವುದು 1920ರ ಪ್ರಾವಿನ್ಷಿಯಲ್ ಇನ್ಸಾಲ್ವೆನ್ಸಿ ಆಕ್ಟ್. 2016ರಲ್ಲಿ ಹೊಸ ದಿವಾಳಿ ಸಂಹಿತೆ ಐಬಿಸಿ ಬಂತಲ್ಲ, ಅದರಲ್ಲಿ ವ್ಯಕ್ತಿಗಳ ಭಾಗ ಜಾರಿಯಾಗಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, ಅದೂ 2019ರ ಡಿಸೆಂಬರ್ 1ರಿಂದ. ಅಂಗಡಿ ಇಟ್ಟು ಸೋತವನಿಗೆ ಹಳೇ ಕಾಯ್ದೆಯೇ ಗತಿ. ಆ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ, ಆಸ್ತಿ ವರ್ಗಾಯಿಸಿದ ಎರಡು ವರ್ಷದೊಳಗೆ ಹಾಕಿದ ಅರ್ಜಿಯ ಮೇಲೆ ನೀವು ದಿವಾಳಿ ಅಂತ ತೀರ್ಮಾನವಾದರೆ, ಆ ದಾನಪತ್ರವನ್ನು ರಿಸೀವರ್ (ದಿವಾಳಿಯಾದವರ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸುವವರು) ರದ್ದು ಮಾಡಿಸಬಹುದು. ಎರಡು ವರ್ಷ ಕಾಯ್ತೀವಿ ಅಂತೀರಾ? ಆಸ್ತಿ ವರ್ಗಾವಣೆ ಕಾಯ್ದೆಯಲ್ಲೂ 53ನೇ ಸೆಕ್ಷನ್ ಇದೆ. ಸಾಲ ಕೊಟ್ಟವರಿಗೆ ಟೋಪಿ ಹಾಕಲು ಮಾಡಿದ ವರ್ಗಾವಣೆಯನ್ನು ಅವರು ನೇರವಾಗಿ ಪ್ರಶ್ನಿಸಬಹುದು. ಆಸ್ತಿ ಬಚ್ಚಿಟ್ಟರೆ ದಿವಾಳಿ ಕಾಯ್ದೆಯಲ್ಲೇ ಒಂದು ವರ್ಷದವರೆಗೆ ಜೈಲಿದೆ.

ಈಗ ಅಸಲಿ ಪ್ರಶ್ನೆ. ಅಡ ಇಲ್ಲದ ಮನೆ ಉಳಿಯುತ್ತಾ ಅಂದರೆ, ಸುಮ್ನೆ ಉಳಿಯಲ್ಲ. ದಿವಾಳಿ ಅಂತ ಆದೇಶವಾದ ಕೂಡಲೇ ಅವರ ಆಸ್ತಿಯೆಲ್ಲ ಕೋರ್ಟಿನ ಅಥವಾ ರಿಸೀವರ್ ಕೈಗೆ ಹೋಗುತ್ತದೆ, 28ನೇ ಸೆಕ್ಷನ್. ಹೊರಗುಳಿಯುವುದು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 60ನೇ ಸೆಕ್ಷನ್ನಿನಲ್ಲಿ ಜಪ್ತಿ ಮಾಡಬಾರದು ಅಂತ ಹೇಳಿರುವುದಷ್ಟೇ. ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಸಾಮಾನು, ತಾಳಿ, ಪಿಎಫ್ ಹಣ, ಜೀವವಿಮೆ ಹಣ. ಮನೆಯ ಮಾತು ಅಲ್ಲಿ ಬರುವುದು ರೈತ, ಕೂಲಿಗಾರ, ಮನೆಕೆಲಸದವರು ವಾಸ ಮಾಡುವ ಸ್ವಂತ ಮನೆಗೆ ಮಾತ್ರ. ಪಂಜಾಬಿನಲ್ಲಿ ತಿದ್ದುಪಡಿ ತಂದು ವಾಸದ ಒಂದು ಮನೆಗೆ ರಕ್ಷಣೆ ಕೊಟ್ಟಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ಫರ್ನಿಚರ್ ಅಂಗಡಿಯವರು ಈ ಪಟ್ಟಿಯಲ್ಲಿ ಬರುವುದಿಲ್ಲ.

ಸಾಲವೇ ಇಲ್ಲದ ಮನೆ ಅಂದರೆ ರಿಸೀವರ್‌ಗೆ ಎಲ್ಲಕ್ಕಿಂತ ಸಲೀಸಾದ ಆಸ್ತಿ. ಅಡ ಇದ್ದಿದ್ದರೆ ಮೊದಲು ಬ್ಯಾಂಕಿನ ಪಾಲು ಹೋಗುತ್ತಿತ್ತು. ಇಲ್ಲಿ ಮಾರಿದ್ದೆಲ್ಲ ಈ ಸಾಲ ಕೊಟ್ಟವರಿಗೇ.

ಬಟವಾಡಿ_ಹುಡುಗ
ಅಯ್ಯೋ. ಹಾಗಾದರೆ ಐಪಿ ಹಾಕಿದರೆ ನಾವೇ ಮನೆ ಬೀಗ ಕೊಟ್ಟ ಹಾಗೆ ಅಲ್ವಾ?

ಕರಿಕೋಟು
ಅದಕ್ಕಿಂತ ಮೊದಲಿನ ಪ್ರಶ್ನೆ ಬೇರೆ ಇದೆ. ಭಾವ ದಿವಾಳಿಯೇ ಅಲ್ಲ. ಲೆಕ್ಕ ಹಾಕಿ ನೋಡಿ, ಸಾಲ 31 ಲಕ್ಷ, ಮನೆ 75 ಲಕ್ಷ. ಹತ್ತನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕೋಕೆ ಸಾಲ 500 ರೂಪಾಯಿ ಇದ್ದರೂ ಸಾಕು (1920ರ 500 ರೂಪಾಯಿ, ಇವತ್ತಿಗೂ ಅಷ್ಟೇ, ನಗು ಬರುತ್ತದೆ), ಆದರೆ "ಸಾಲ ತೀರಿಸಲು ಶಕ್ತಿ ಇಲ್ಲ" ಅಂತ ಮೇಲ್ನೋಟಕ್ಕಾದರೂ ತೋರಿಸಬೇಕು. ಸಾಲದ ಎರಡರಷ್ಟು ಬೆಲೆಯ ಮನೆ ಅರ್ಜಿಯ ಆಸ್ತಿಪಟ್ಟಿಯಲ್ಲೇ ಬರೆದಿರುತ್ತೀರಿ. ಎದುರು ವಕೀಲರು ಎದ್ದು ನಿಂತು ಮೊದಲು ಕೇಳುವುದೇ ಅದನ್ನು. ಅವರ ಹತ್ತಿರ ಇಲ್ಲದಿರುವುದು ಕೈಕಾಸು. ಆಸ್ತಿ ಇದೆ.

ಗುಬ್ಬಿ_ರಾಗಿ
ರೈತರ ಮನೆಯ ವಿಷಯ ಬಂತು, ನಮ್ಮ ಮನೇಲೇ ನಡೆದಿದ್ದು ಹೇಳ್ತೀನಿ. ಅಪ್ಪ ಒಬ್ಬರಿಗೆ ಜಾಮೀನು ನಿಂತಿದ್ದರು, ದುಡ್ಡು ಕಟ್ಟಬೇಕು ಅಂತ ಕೋರ್ಟಿನ ಡಿಕ್ರಿ ಆಯ್ತು. ಕೋರ್ಟಿನ ಅಮೀನ ಬಂದು ಊರಲ್ಲಿ ತಮಟೆ ಹೊಡೆಸಿ ಬಾಗಿಲಿಗೆ ಕಾಗದ ಅಂಟಿಸಿ ಹೋದ. ಅಂಟಿಸಿದ್ದು ಹಬ್ಬಕ್ಕೆ ಕಟ್ಟಿದ್ದ ಮಾವಿನ ತೋರಣದ ಕೆಳಗೆ, ಗೋಧಿ ಹಿಟ್ಟಿನ ಅಂಟು, ಕೆರೆದರೂ ಹೋಗಲಿಲ್ಲ. ಆಮೇಲೆ ವಕೀಲರು ಇದೇ 60ನೇ ಸೆಕ್ಷನ್ನಿನಲ್ಲಿ ಅರ್ಜಿ ಹಾಕಿದರು. ಪಹಣಿ ಕೊಟ್ಟೆವು, ಕೃಷಿಕರ ಕಾಲಂನಲ್ಲಿ ಅಪ್ಪನ ಹೆಸರೇ ಇತ್ತು. ಹಾಲಿನ ಡೈರಿ ಪಾಸ್‌ಬುಕ್, ರಾಗಿ ಮಾರಿದ ಚೀಟಿ ಕೊಟ್ಟೆವು. ಮನೆ ಬಿಟ್ಟುಕೊಟ್ಟರು. ಜಮೀನು ಬಿಡಲಿಲ್ಲ, ಅದು ಬೇರೆ ಕತೆ.

ಆದರೆ ಪಹಣಿ ಇದ್ದ ಮಾತ್ರಕ್ಕೆ ರೈತ ಅಂತ ಒಪ್ಪಲ್ಲ. ಸ್ವಂತ ದುಡಿದು ಬೇಸಾಯದ ಮೇಲೇ ಮುಖ್ಯವಾಗಿ ಜೀವನ ಮಾಡ್ತಿರಬೇಕು. ಬೆಂಗಳೂರಲ್ಲಿ ಕೆಲಸ, ಊರಲ್ಲಿ ನಾಲ್ಕು ತೆಂಗಿನಮರ ಅಂದರೆ ಆಗಲ್ಲ. ಆ ಮನೇಲೇ ವಾಸ ಇರಬೇಕು, ಬಾಡಿಗೆಗೆ ಕೊಟ್ಟಿದ್ದರೆ ಇಲ್ಲ.

ಕರಿಕೋಟು
ಸರಿಯಾಗಿ ಹೇಳಿದಿರಿ. ಇನ್ನೊಂದು ಸೇರಿಸುತ್ತೇನೆ. ಕೆಲವರು ಸಾಲ ಕೊಡುವಾಗ "ಮನೆಗೆ ಕಾನೂನಿನ ರಕ್ಷಣೆ ಇದ್ದರೂ ನಾನು ಅದನ್ನು ಕೇಳುವುದಿಲ್ಲ" ಅಂತ ರೈತರಿಂದ ಬರೆಸಿಕೊಳ್ಳುತ್ತಾರೆ. 60(1ಎ) ಪ್ರಕಾರ ಆ ಬರಹಕ್ಕೆ ಬೆಲೆ ಇಲ್ಲ.

ಆಸ್ಟಿನ್_ತಿಪಟೂರು
ಇಲ್ಲಿ ಅಮೆರಿಕದಲ್ಲಿ ನಿಮ್ಮ ಭಾವನ ಸ್ಥಿತಿಯವರಿಗೆ ಉತ್ತರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾನಿರುವ ಟೆಕ್ಸಾಸ್‌ನಲ್ಲಿ ವಾಸದ ಮನೆಗೆ ಬೆಲೆಯ ಮಿತಿಯೇ ಇಲ್ಲ, ಪಟ್ಟಣದಲ್ಲಿ 10 ಎಕರೆವರೆಗೆ ರಕ್ಷಣೆ. ಫ್ಲೋರಿಡಾದಲ್ಲೂ ಬೆಲೆಗೆ ಮಿತಿ ಇಲ್ಲ, ಪಟ್ಟಣದಲ್ಲಿ ಅರ್ಧ ಎಕರೆ. ಅದಕ್ಕೇ ಹಿಂದೆ ಶ್ರೀಮಂತರು ದಿವಾಳಿಗೆ ಮುಂಚೆ ಅಲ್ಲಿ ಹೋಗಿ ಬಂಗಲೆ ಕೊಳ್ಳುತ್ತಿದ್ದರು. 2005ರಲ್ಲಿ ಅದಕ್ಕೆ ಕಡಿವಾಣ ಹಾಕಿದರು, ಮನೆ ಕೊಂಡು 1,215 ದಿನ ಆಗಿರದಿದ್ದರೆ ರಕ್ಷಣೆಗೆ ಮಿತಿ ಇದೆ. ನ್ಯೂಜೆರ್ಸಿಯಲ್ಲಿ ರಾಜ್ಯದ್ದೇ ಆದ ರಕ್ಷಣೆ ಇಲ್ಲ, ಕೇಂದ್ರದ ಲೆಕ್ಕ ತಗೋಬೇಕು, 2025ರ ಏಪ್ರಿಲ್‌ನಿಂದ ತಲೆಗೆ 31,575 ಡಾಲರ್. ಅಲ್ಲಿ ಸಾಲ ಪೂರ್ತಿ ತೀರಿದ ಮನೆ ಇದ್ದವರು ಚಾಪ್ಟರ್ 7 (ಆಸ್ತಿ ಮಾರಿ ಸಾಲ ತೀರಿಸುವ ದಿವಾಳಿ) ಹಾಕಿದರೆ ಟ್ರಸ್ಟಿ, ಅಂದರೆ ನಿಮ್ಮ ರಿಸೀವರ್ ಥರದವರು, ಮಾರಿಬಿಡುತ್ತಾರೆ. ಅದಕ್ಕೆ ಚಾಪ್ಟರ್ 13ಕ್ಕೆ ಹೋಗಿ ಮೂರರಿಂದ ಐದು ವರ್ಷ ಕಂತು ಕಟ್ಟುತ್ತಾರೆ. ಅಲ್ಲೂ ಸಾಲ ತೀರಿದ ಮನೆಯೇ ಜಾಸ್ತಿ ತಲೆನೋವು. ಸಾಲ ಬಾಕಿ ಇರುವ ಮನೆಯಲ್ಲಿ ಮಾರಿದರೂ ಟ್ರಸ್ಟಿಗೆ ಸಿಗುವುದು ಕಡಿಮೆ.

ಶಿರಾಗೇಟ್_ಸಿಂಹ
ಅಮೆರಿಕದ ಪುರಾಣ ಬಟವಾಡಿಗೆ ಯಾಕೆ ಸ್ವಾಮಿ 😄

ಆಸ್ಟಿನ್_ತಿಪಟೂರು
ಭಾವನಿಗೆ ಐಪಿ ಅಂತ ಹೇಳಿಕೊಟ್ಟವರು ಯೂಟ್ಯೂಬಿನಲ್ಲಿ ಇಲ್ಲಿನ ವಿಡಿಯೋ ನೋಡಿ ಹೇಳಿರುತ್ತಾರೆ, ಅದಕ್ಕೆ. ಇಲ್ಲಿ ಚಾಪ್ಟರ್ 7ರಲ್ಲಿ ಕೆಲವೇ ತಿಂಗಳಲ್ಲಿ ಡಿಸ್ಚಾರ್ಜ್ (ಸಾಲದಿಂದ ಬಿಡುಗಡೆ) ಸಿಗುತ್ತದೆ. ಅಲ್ಲಿ?

ಕರಿಕೋಟು
ಇಲ್ಲಿ ಡಿಸ್ಚಾರ್ಜ್‌ಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಕೋರ್ಟು ಗಡುವು ಕೊಟ್ಟಿರುತ್ತದೆ, ಅದರೊಳಗೆ ಹಾಕದಿದ್ದರೆ ದಿವಾಳಿ ಆದೇಶವೇ ರದ್ದು. ಆಸ್ತಿ ಮಾರಿದರೂ ರೂಪಾಯಿಗೆ ಎಂಟಾಣೆ ಬಾರದಿದ್ದರೆ ಪೂರ್ತಿ ಬಿಡುಗಡೆ ಕೊಡುವ ಹಾಗಿಲ್ಲ, ತಮ್ಮ ತಪ್ಪಿಲ್ಲದೆ ಹಾಗಾಯಿತು ಅಂತ ಒಪ್ಪಿಸಬೇಕು. ಸರ್ಕಾರದ ಬಾಕಿ, ಮೋಸದ ಸಾಲ, ಜೀವನಾಂಶ ಇವಕ್ಕೆ ಬಿಡುಗಡೆಯೇ ಇಲ್ಲ. ಜಾಮೀನು ಹಾಕಿದವರೂ ಬಚಾವಾಗುವುದಿಲ್ಲ. ಚೆಕ್ ಬೌನ್ಸ್ ಅಂದರೆ 138ನೇ ಸೆಕ್ಷನ್ನಿನ ಕ್ರಿಮಿನಲ್ ಕೇಸು, ಐಪಿ ಹಾಕಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಖಾಲಿ ಚೆಕ್ಕು ಕೊಟ್ಟಿದ್ದಾರೆ ಅಂದಿರಲ್ಲ, ಮೊದಲ ಚಿಂತೆ ಅದು.

ಶ್ರೀನಿವಾಸಪುರ_ಮಾವು
ನಮ್ಮ ಕಡೆ ಐಪಿ ಅನ್ನೋ ಮಾತು ಮಾವಿನ ಮಂಡಿಗಳಲ್ಲಿ ದಿನಾ ಕೇಳಿಬರುತ್ತೆ. ಹಾಕೋರಿಗಿಂತ ಹಾಕ್ತೀನಿ ಅಂತ ಹೆದರಿಸೋರು ಜಾಸ್ತಿ. "ಐಪಿ ಹಾಕಿಬಿಡ್ತೀನಿ, ಕೊಟ್ಟಷ್ಟು ತಗೊಳ್ಳಿ" ಅಂತ ಹೇಳಿ ಅಸಲಿಗೆ ಇಳಿಸೋದು. ಸಾಲ ಕೊಟ್ಟವರಿಗೂ ಗೊತ್ತು, ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಂತ. ಆದರೆ ಮನೆ ಇಟ್ಟುಕೊಂಡವನು ಹೆದರಿಸಿದರೆ ಯಾರೂ ಹೆದರಲ್ಲ ಅಣ್ಣಾ, ಮನೆ ಕಣ್ಣಿಗೆ ಕಾಣುತ್ತಲ್ಲ. ಮತ್ತೆ ಒಂದು ಸಲ ಪಾಪರ್ ಅಂತ ಹೆಸರು ಬಂದರೆ ಮಂಡಿಯಲ್ಲಿ ಒಂದು ಕ್ರೇಟು ಉದ್ರಿ ಹುಟ್ಟಲ್ಲ. ಭಾವ ಮತ್ತೆ ವ್ಯಾಪಾರ ಮಾಡಬೇಕಲ್ಲ?

ನಿವೃತ್ತ_ಬ್ಯಾಂಕಿನವರು
ನಾನು ಸಾಲ ವಿಭಾಗದಲ್ಲೇ ಇದ್ದವನು. ಕೈಸಾಲಕ್ಕೆ ನೂರಕ್ಕೆ ಮೂರು ಅಂದರೆ ವರ್ಷಕ್ಕೆ 36 ಪರ್ಸೆಂಟ್. 12 ಲಕ್ಷಕ್ಕೆ ತಿಂಗಳಿಗೆ 36 ಸಾವಿರ ಬರೀ ಬಡ್ಡಿ. ಮನೆ ಪತ್ರ ಇಟ್ಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಾರ್ಟ್‌ಗೇಜ್ ಲೋನ್ ತೆಗೆದು ಎಲ್ಲ ಒಂದೇ ಸಲ ತೀರಿಸಿ. ಬಡ್ಡಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಕರಿಕೋಟು
ಸರ್, ಗೌರವದಿಂದಲೇ ಹೇಳುತ್ತೇನೆ, ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಈಗ ಇರುವುದೆಲ್ಲ ಅಡವಿಲ್ಲದ ಸಾಲ. ಮನೆಗೆ ಕೈ ಹಾಕಬೇಕಾದರೆ ಅವರು ಕೇಸು ಹಾಕಿ, ಡಿಕ್ರಿ ತಗೊಂಡು, ಅಮಲ್ಜಾರಿಗೆ (ಡಿಕ್ರಿ ಜಾರಿಗೆ) ಹಾಕಿ, ಜಪ್ತಿ ಮಾಡಿಸಿ, ಆಮೇಲೆ ಹರಾಜು. ಪ್ರತಿ ಹಂತದಲ್ಲೂ ಮಾತಾಡಲು ಅವಕಾಶ ಇದೆ. ಅಡ ಇಟ್ಟರೆ ಸರ್ಫೇಸಿ ಕಾಯ್ದೆ ಬರುತ್ತದೆ. 60 ದಿನದ ನೋಟೀಸು, ಆಮೇಲೆ ಕೋರ್ಟಿನ ಡಿಕ್ರಿ ಬೇಕಿಲ್ಲದೆ ಸ್ವಾಧೀನ. ಅಂಗಡಿ ಮುಚ್ಚಿದವರು 31 ಲಕ್ಷಕ್ಕೆ ಕಂತು ಎಲ್ಲಿಂದ ಕಟ್ಟುತ್ತಾರೆ?

ನಿವೃತ್ತ_ಬ್ಯಾಂಕಿನವರು
ಆದಾಯ ಇಲ್ಲದಿದ್ದರೆ ಬ್ಯಾಂಕೂ ಕೊಡುವುದಿಲ್ಲ, ಅದು ನಿಜ. ಪೂರ್ತಿ 31 ಬೇಡ, ಬಡ್ಡಿ ತಿನ್ನುತ್ತಿರುವ ಕೈಸಾಲದ ಮಟ್ಟಿಗಾದರೂ ಯೋಚಿಸಿ ಎಂದೆ. ಅದಿರಲಿ, ಒಂದು ಪ್ರಶ್ನೆ. ಹೋಮ್ ಲೋನ್ ತೀರಿದ ಮೇಲೆ ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿ ನೋಡಿದ್ದೀರಾ? ತುಂಬಾ ಜನ ಎನ್‌ಒಸಿ ತಗೊಂಡು ಬೀರುವಿನಲ್ಲಿ ಇಟ್ಟುಬಿಡುತ್ತಾರೆ, ಸಬ್ ರಿಜಿಸ್ಟ್ರಾರ್ ಹತ್ತಿರ ಅಡಮಾನ ಬಿಡುಗಡೆ ನೋಂದಣಿ ಮಾಡಿಸಿರುವುದಿಲ್ಲ. ಇಸಿಯಲ್ಲಿ ಹಳೇ ಅಡ ಹಾಗೇ ಕೂತಿರುತ್ತದೆ. ಮೂಲ ಕ್ರಯಪತ್ರ ಕೈಗೆ ಬಂದಿದೆಯಾ? ಈಗಂತೂ ಆರ್‌ಬಿಐ ನಿಯಮ ಇದೆ, 2023ರ ಡಿಸೆಂಬರ್ 1ರಿಂದ, ಸಾಲ ತೀರಿ 30 ದಿನದೊಳಗೆ ಪತ್ರ ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ದಂಡ. ನಿಮ್ಮದು 2021, ಅದಕ್ಕೆ ಅನ್ವಯ ಆಗಲ್ಲ.

ಬಟವಾಡಿ_ಹುಡುಗ
ಇವತ್ತು ಅಕ್ಕನ ಮನೆಗೆ ಹೋಗಿ ಪತ್ರ ಎಲ್ಲ ತೆಗೆಸಿದೆ. ಮೂಲ ಕ್ರಯಪತ್ರ ಇದೆ. ಕಾವೇರಿ ಪೋರ್ಟಲ್‌ನಲ್ಲಿ ಇಸಿ ನೋಡಿದರೆ ನೀವು ಹೇಳಿದ ಹಾಗೇ ಹಳೇ ಬ್ಯಾಂಕಿನ ಹೆಸರು ಇನ್ನೂ ಇದೆ. ಅದಕ್ಕಿಂತ ದೊಡ್ಡ ವಿಷಯ, ಕ್ರಯಪತ್ರದಲ್ಲಿ ಭಾವ, ಅಕ್ಕ ಇಬ್ಬರ ಹೆಸರೂ ಇದೆ! ಹೋಮ್ ಲೋನಿಗೆ ಅಕ್ಕನ ಸಂಬಳ ಬೇಕಾಗಿತ್ತು ಅಂತ ಆಗ ಇಬ್ಬರ ಹೆಸರಿಗೂ ಮಾಡಿಸಿದ್ದರಂತೆ (ಅಕ್ಕ ಆಗ ಖಾಸಗಿ ಶಾಲೆಯಲ್ಲಿ ಟೀಚರ್). ಭಾವನಿಗೆ ಅದು ಮರೆತೇ ಹೋಗಿತ್ತು.

ಕರಿಕೋಟು
ಇದನ್ನು ಮೊದಲೇ ಹೇಳಬಾರದಿತ್ತೇನ್ರೀ! ಇಡೀ ಲೆಕ್ಕ ಬದಲಾಯಿತು. ಅಕ್ಕನ ಅರ್ಧ ಭಾಗ ಅಕ್ಕನದೇ. ಭಾವ ಒಬ್ಬರೇ ಮಾಡಿದ ಸಾಲಕ್ಕೆ ಆ ಭಾಗ ಜಪ್ತಿಯಾಗಲ್ಲ, ದಿವಾಳಿಯಾದರೂ ರಿಸೀವರ್‌ಗೆ ಹೋಗುವುದು ಭಾವನ ಭಾಗ ಮಾತ್ರ. ಅರ್ಧ ಮನೆ, ಇನ್ನರ್ಧದಲ್ಲಿ ಹೆಂಡತಿ ವಾಸ, ಇಂಥದ್ದನ್ನು ಹರಾಜಿನಲ್ಲಿ ಕೊಳ್ಳಲು ಯಾರೂ ಓಡಿಬರುವುದಿಲ್ಲ. ಇದು ಸಾಲ ಕೊಟ್ಟವರಿಗೂ ಗೊತ್ತಾಗಲಿ, ಮಾತುಕತೆಗೆ ತೂಕ ಬರುತ್ತದೆ.

ಆದರೆ ಒಂದು ಕೇಳಿ ಬನ್ನಿ. ಫೈನಾನ್ಸ್ ಕಂಪನಿ ಲೋನಿಗೆ ಅಕ್ಕ ಸಹಿ ಹಾಕಿದ್ದಾರಾ?

ಬಟವಾಡಿ_ಹುಡುಗ
ಹಾಕಿದ್ದಾರೆ. ಏಜೆಂಟ್ ಟ್ಯಾಬ್ ಹಿಡಿದು ಬಂದಿದ್ದ, "ಮೇಡಂ ಸುಮ್ನೆ ಫಾರ್ಮಾಲಿಟಿ, ಇಲ್ಲೊಂದು ಸಹಿ" ಅಂದನಂತೆ. ಕೋ-ಅಪ್ಲಿಕೆಂಟ್ ಅಂತ ಇದೆ.

ಕರಿಕೋಟು
ಹಾಗಾದರೆ ಆ 12 ಲಕ್ಷಕ್ಕೆ ಅಕ್ಕನೂ ಸಾಲಗಾರರೇ. ಅದಕ್ಕೆ ಇಡೀ ಮನೆ ಗುರಿ. ಕಾರ್ಡು, ಚೀಟಿ, ಕೈಸಾಲಕ್ಕೆ ಅರ್ಧ ಮಾತ್ರ, ಚೀಟಿಗೂ ಅಕ್ಕ ಜಾಮೀನು ನಿಂತಿಲ್ಲ ತಾನೇ, ನೋಡಿಕೊಳ್ಳಿ. ಮೊದಲು ಇತ್ಯರ್ಥ ಆಗಬೇಕಾದ್ದು ಫೈನಾನ್ಸ್ ಕಂಪನಿಯದ್ದು, ಬಾಗಿಲಿಗೆ ಬಂದು ಜಾಸ್ತಿ ಕೂಗಾಡುವವರದ್ದಲ್ಲ.

ಹೆಗ್ಗೆರೆ_ಅಮ್ಮಣ್ಣಿ
ಕೂಗಾಡೋದು ಅಂದ್ರಲ್ಲ, ನನ್ನ ತಂಗಿ ಮನೆಗೂ ರಾತ್ರಿ ಹತ್ತಕ್ಕೆ ಬಂದು ಗೇಟು ಬಡಿಯೋರು. ಕಂಪನಿ ಏಜೆಂಟುಗಳು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ ಅಂತ ಆರ್‌ಬಿಐ ಹೇಳಿದೆ. ಖಾಸಗಿ ಬಡ್ಡಿಯವರಿಗೆ ನಮ್ಮ ರಾಜ್ಯದ್ದೇ ಕಾನೂನಿದೆ, 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದರಲ್ಲ, ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದೇ ತೋರಿಸಿ ಸ್ಟೇಷನ್‌ನಲ್ಲಿ ದೂರು ಕೊಟ್ಟ ಮೇಲೆ ಗೇಟು ಬಡಿಯೋದು ನಿಂತಿತು. ಕೈಸಾಲ ಕೊಟ್ಟವರು ಇದನ್ನೇ ವ್ಯವಹಾರ ಮಾಡಿಕೊಂಡಿದ್ದರೆ ಅವರ ಹತ್ತಿರ ಲೈಸೆನ್ಸ್ ಇದೆಯಾ ಕೇಳಿ.

ಕರಿಕೋಟು
ಒಳ್ಳೇ ಪಾಯಿಂಟ್ ಅಮ್ಮ. 1961ರ ಲೇವಾದೇವಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಡ್ಡಿ ವ್ಯವಹಾರ ಮಾಡುವವರಿಗೆ ಕೋರ್ಟು ಡಿಕ್ರಿ ಕೊಡುವ ಹಾಗಿಲ್ಲ. ನೆಂಟರಿಷ್ಟರು ಒಂದು ಸಲ ಕೊಟ್ಟ ಕೈಸಾಲಕ್ಕೆ ಇದು ಬರಲ್ಲ, ಅವರ ದುಡ್ಡು ನ್ಯಾಯವಾಗಿ ವಾಪಸ್ ಹೋಗಬೇಕು.

ಅಕ್ಕನನ್ನು ಕರೆದುಕೊಂಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಫೋನ್ 15100. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಫೈನಾನ್ಸ್ ಕಂಪನಿಯನ್ನು ಕರೆಸಬಹುದು. ಅಲ್ಲಿ ಆದ ರಾಜಿ ಡಿಕ್ರಿಗೆ ಸಮ, ಅಪೀಲಿಲ್ಲ. ಅದಕ್ಕೇ ಕಟ್ಟಲು ಆಗುವ ಮೊತ್ತಕ್ಕೆ ಮಾತ್ರ ಒಪ್ಪಿ. ಆವೇಶದಲ್ಲಿ ಒಪ್ಪಿ ಕಂತು ತಪ್ಪಿದರೆ ಅದೇ ರಾಜಿ ಹಿಡಿದು ನೇರ ಅಮಲ್ಜಾರಿಗೆ ಬರುತ್ತಾರೆ.

ಗುಬ್ಬಿ_ರಾಗಿ
ಮುಂದಿನ ಮಳಿಗೆ ಇದೆಯಲ್ಲ, ಅದನ್ನು ಬಾಡಿಗೆ ಬದಲು ಭೋಗ್ಯಕ್ಕೆ ಹಾಕಿದರೆ ಒಂದೇ ಗಂಟಿನಲ್ಲಿ ದುಡ್ಡು ಬರುತ್ತೆ. ಮನೆ ಮಾರೋದು ಬೇಡ, ಅಡ ಇಡೋದೂ ಬೇಡ.

ನಿವೃತ್ತ_ಬ್ಯಾಂಕಿನವರು
ಭೋಗ್ಯ ಚೆನ್ನಾದ ಯೋಚನೆ. ಆದರೆ ಪತ್ರ ನೋಂದಣಿ ಮಾಡಿಸಿ, ಮತ್ತೆ ಆ ಗಂಟನ್ನು ಮೂರು ವರ್ಷದ ಮೇಲೆ ವಾಪಸ್ ಕೊಡಬೇಕು ಅನ್ನುವುದು ನೆನಪಿರಲಿ. ಅದೂ ಸಾಲವೇ, ಬಡ್ಡಿ ಕಾಣಿಸದ ಸಾಲ.

ಆಸ್ಟಿನ್_ತಿಪಟೂರು
ಪೂರ್ತಿ ಮನೆ ತಾವೇ ಮಾರಿ, ಎಲ್ಲ ತೀರಿಸಿ, ಮಿಕ್ಕಿದ 40 ಲಕ್ಷದಲ್ಲಿ ಕ್ಯಾತ್ಸಂದ್ರದ ಆಚೆ ಚಿಕ್ಕ ಮನೆ? ಹರಾಜಿಗಿಂತ ಕೈಯಾರೆ ಮಾರಿದರೆ ರೇಟು ಜಾಸ್ತಿ ಅಲ್ವಾ?

ಕರಿಕೋಟು
ಕೊನೆಗೆ ಅದೂ ಇದೆ. ಸರಿಯಾದ ಬೆಲೆಗೆ ನಿಜವಾದ ಕೊಳ್ಳುವವರಿಗೆ ಮಾರಿ ಸಾಲ ತೀರಿಸಿದರೆ ಯಾರೂ ತಪ್ಪು ಹುಡುಕಲ್ಲ. ಹರಾಜಿಗೇ ಬಂದರೂ ಡಿಕ್ರಿ ಹಣಕ್ಕೆ ಬೇಕಾಗುವಷ್ಟು ಭಾಗ ಮಾತ್ರ ಮಾರಬೇಕು ಅಂತ ಸಿಪಿಸಿಯ ಆರ್ಡರ್ 21 ರೂಲ್ 64 ಹೇಳುತ್ತದೆ. ಮಳಿಗೆ ಮಾರಿದರೆ ಸಾಲ ತೀರುತ್ತದೆ ಅಂದರೆ ಹಿಂದಿನ ಮನೆ ಬಿಡಿ ಅಂತ ಕೇಳಬಹುದು. ಕಟ್ಟೋಕೆ ಆಗದವರನ್ನು ಬರೀ ಆ ಕಾರಣಕ್ಕೆ ಸಿವಿಲ್ ಜೈಲಿಗೆ ಹಾಕಬಾರದು ಅಂತ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಆ ಭಯವನ್ನು ಅಕ್ಕನ ತಲೆಯಿಂದ ಮೊದಲು ತೆಗೆಯಿರಿ.

ಬಟವಾಡಿ_ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಐಪಿ ಕೈಬಿಟ್ಟಿದ್ದಾರೆ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟೆವು, ಫೈನಾನ್ಸ್ ಕಂಪನಿಗೆ ನೋಟೀಸು ಹೋಗಿದೆ. ಮಳಿಗೆಯಲ್ಲಿರುವ ಮೊಬೈಲ್ ಅಂಗಡಿಯವರೇ 8 ಲಕ್ಷಕ್ಕೆ ಭೋಗ್ಯ ಕೇಳಿದ್ದಾರೆ. ಅದರಲ್ಲಿ ಇಬ್ಬರ ಕೈಸಾಲದ ಅಸಲು ತೀರುತ್ತದೆ, ಅವರು ಬಡ್ಡಿ ಬಿಡಲು ಒಪ್ಪಿದ್ದಾರೆ. ಆದರೆ ಒಬ್ಬರು ಪ್ರೋನೋಟು ಕೊಡ್ತೀನಿ, ಚೆಕ್ಕು ಎಲ್ಲೋ ಹೋಗಿದೆ ಸಿಗ್ತಿಲ್ಲ ಅಂತಿದ್ದಾರೆ. ದುಡ್ಡು ಕೊಡಬಹುದಾ?

ಕರಿಕೋಟು
ಚೆಕ್ಕು ಕೈಗೆ ಬರದೆ ಕ್ಯಾಶ್ ಕೊಡಬೇಡಿ. ನಿಜವಾಗಿಯೂ ಕಳೆದಿದೆ ಅಂದರೆ ಅವರ ಕೈಯಲ್ಲೇ ಬರೆಸಿ: ಇಂಥಾ ಬ್ಯಾಂಕು, ಇಂಥಾ ಚೆಕ್ ನಂಬರ್, ಕಳೆದಿದೆ, ಅಸಲು ಪೂರ್ತಿ ಮುಟ್ಟಿದೆ, ಬಾಕಿ ಏನೂ ಇಲ್ಲ. ಇಬ್ಬರು ಸಾಕ್ಷಿ ಸಹಿ. ಹಣ ಬ್ಯಾಂಕ್ ಖಾತೆಗೇ ಹಾಕಿ. ಪ್ರೋನೋಟು ವಾಪಸ್ ತಗೊಂಡು ಅದರ ಹಿಂದೆ "ಚುಕ್ತಾ" ಅಂತ ತಾರೀಕು ಸಮೇತ ಬರೆಸಿಕೊಳ್ಳಿ, ಹರಿದು ಬಿಸಾಕಬೇಡಿ. ಅದೇ ದಿನ ಭಾವನ ಬ್ಯಾಂಕಿಗೆ ಹೋಗಿ ಆ ನಂಬರಿಗೆ ಸ್ಟಾಪ್ ಪೇಮೆಂಟ್ ಅರ್ಜಿ ಕೊಟ್ಟು, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಮತ್ತೆ ಆ ಇಸಿಯ ಹಳೇ ಅಡ, ಭೋಗ್ಯದ ಪತ್ರ ನೋಂದಣಿಗೆ ಹೋಗುವ ಮುಂಚೆ ತೆಗೆಸಿ.